ಹಬ್ಬವನ್ನು ಹಗುರ ಮಾಡಿ

ಕ್ರಿಸ್ಮಸ್ಸಿನ ಮರುದಿನ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ಯಾವುದು? "ಅಬ್ಬಾ, ಅಂತೂ ಒಂದು ಮುಗೀತು." ಹೌದಲ್ಲವೇ? ಲೋಕಕ್ಕೆ ಬಿಡುಗಡೆ ತಂದವನ ಹುಟ್ಟುಹಬ್ಬದಿಂದಲೇ ನಮಗೆ ಬಿಡುಗಡೆ ಸಿಕ್ಕಂತೆ ಉಸಿರು ಬಿಡುತ್ತೇವೆ. ಅಮ್ಮ ಸೊಂಟ ಹಿಡಿದುಕೊಂಡು ಕೂತಿರುತ್ತಾಳೆ, ಅಪ್ಪ ಮೊಬೈಲಿನಲ್ಲಿ ಕಾರ್ಡಿನ ಬಾಕಿ ನೋಡುತ್ತಿರುತ್ತಾನೆ, ಮಕ್ಕಳು ಪಕ್ಕದ ಮನೆಯ ಉಡುಗೊರೆಗೂ ತಮ್ಮ ಉಡುಗೊರೆಗೂ ತಾಳೆ ಹಾಕುತ್ತ ಮುಖ ಊದಿಸಿಕೊಂಡಿರುತ್ತಾರೆ. ಗೋದಲಿಯಲ್ಲಿ ಮಲಗಿದ ಕೂಸನ್ನು ಮಾತ್ರ ಆ ಹೊತ್ತಿಗೆ ಯಾರೂ ನೋಡುತ್ತಿರುವುದಿಲ್ಲ.

ವಿಠ್ಠಲವಾಡಿಯ, ಕಲ್ಯಾಣದ, ಉಲ್ಹಾಸನಗರದ, ಡೊಂಬಿವಲಿಯ ನನ್ನ ಕನ್ನಡದ ಕ್ರೈಸ್ತ ಬಂಧುಗಳೇ, ಆಗಮನ ಕಾಲದ ಮೊದಲ ಮೇಣದ ಬತ್ತಿ ಹಚ್ಚುವ ಈ ದಿನಗಳಲ್ಲಿ ನಿಮ್ಮನ್ನು ಬೈಯಲು ನಾನು ಬರೆಯುತ್ತಿಲ್ಲ. ನೀವು ಒಳ್ಳೆಯವರು. ನೆರೆಮನೆಯಲ್ಲಿ ಸಾವಾದರೆ ಕರೆಯದೆಯೇ ಹೋಗಿ ನಿಲ್ಲುವವರು, ಆಸ್ಪತ್ರೆಯಲ್ಲಿ ಯಾರೋ ಊರಿನವರು ಮಲಗಿದ್ದಾರೆಂದರೆ ಡ್ಯೂಟಿ ಮುಗಿಸಿ ಗಂಜಿಯ ಡಬ್ಬಿ ಹಿಡಿದು ಓಡುವವರು. ನಿಮ್ಮಂಥವರ ಕಣ್ಣೆದುರೇ ನಡೆಯುತ್ತಿರುವ ಒಂದು ಅನ್ಯಾಯವನ್ನು ಇನ್ನೊಮ್ಮೆ ನೋಡಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ. ಹಬ್ಬವನ್ನು ಹಗುರ ಮಾಡಿ. ಅದು ಯಾರದೋ ಬೆನ್ನ ಮೇಲೆ ಬಹಳ ಭಾರವಾಗಿ ಕೂತಿದೆ.

ನಾವು ಇಲ್ಲಿಗೆ ಬಂದದ್ದು ಹೇಗೆಂದು ನೆನೆಸಿಕೊಳ್ಳಿ. ಮಂಗಳೂರು, ಉಡುಪಿ, ಕಾರ್ಕಳ, ಮೂಡುಬಿದಿರೆ ಕಡೆಯ ಕಥೋಲಿಕರು ಕಚೇರಿ, ಆಸ್ಪತ್ರೆ, ಹೋಟೆಲು, ಹಡಗು ಎಂದು ಮುಂಬಯಿ ಸೇರಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ನೆರಳಲ್ಲಿ ಬೆಳೆದ ಮನೆತನಗಳು ಒಂದೊಂದಾಗಿ ಬಂದವು. ಬೀದರ್, ಕಲಬುರಗಿ, ಯಾದಗಿರಿ ಸೀಮೆಯ ಮೆಥೋಡಿಸ್ಟರು ಗಾರೆ ಕೆಲಸ, ಹಮಾಲಿ ಕೆಲಸ, ಸಿಕ್ಕ ಕೂಲಿ ಹಿಡಿದು ಬಂದರು. ಮುಂಬಯಿಯ ಬಾಡಿಗೆ ಕೈಗೆ ಎಟುಕದೆ ಮಧ್ಯ ರೈಲ್ವೆಯ ಹಳಿಯುದ್ದಕ್ಕೂ ಸರಿಯುತ್ತ ಸರಿಯುತ್ತ, ಕಲ್ಯಾಣ ದಾಟಿ ಕರ್ಜತ್ ಕಡೆಗೆ ಹೊರಳಿದ ಮೇಲಿನ ಮೊದಲ ನಿಲ್ದಾಣವಾದ ವಿಠ್ಠಲವಾಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ ಹುಡುಕಿಕೊಂಡು ಇಳಿದೆವು. ವಿಠ್ಠಲನ ಹೆಸರು ಹೊತ್ತ ಈ ಊರು ನಮ್ಮ ಶಿಲುಬೆಗೂ ಗೋಡೆಯಲ್ಲೊಂದು ಮೊಳೆಯ ಜಾಗ ಕೊಟ್ಟಿತು. ಇಗರ್ಜಿಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಗೋವೆಯವರು, ತಮಿಳರು, ಈಸ್ಟ್ ಇಂಡಿಯನ್ನರು, ಮರಾಠಿ ಮನೆಯವರು. ಕಲ್ಯಾಣದ ಹೆಸರಿನಲ್ಲೇ 1988ರಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯವೊಂದು ಹುಟ್ಟುವಷ್ಟು ಮಲಯಾಳಿಗಳು. ಎಲ್ಲರೂ ಎಲ್ಲಿಂದಲೋ ಬಂದವರೇ, ಎಲ್ಲರೂ ಬೆಳಗಿನ ಲೋಕಲಿನಲ್ಲಿ ಒಂದು ಕಾಲೂರಲು ಜಾಗ ಹುಡುಕುವವರೇ. ಇಂಥ ನಮ್ಮ ನಡುವೆ ಹಬ್ಬವೊಂದು ಅಂತಸ್ತಿನ ಪರೀಕ್ಷೆಯಾಗಿ ಹೋದದ್ದು ಯಾವಾಗ?

ಈ ಸೀಮೆಯ ದುಡ್ಡಿನ ಲೆಕ್ಕ ದೀಪಾವಳಿಗೆ ಹೊಂದಿಕೊಂಡದ್ದು. ಬೋನಸ್ ಬರುವುದು ದೀಪಾವಳಿಗೆ, ಸೇಠ್ ಕೈಬಿಚ್ಚಿ ಕೊಡುವುದು ದೀಪಾವಳಿಗೆ. ಅದು ಮಕ್ಕಳ ಫೀಸಿಗೆ, ಊರಿಗೆ ಕಳಿಸುವ ಹಣಕ್ಕೆ, ಹಳೆಯ ಬಾಕಿಗೆ ಕರಗಿಹೋದ ಮೇಲೆ ನಮ್ಮ ಡಿಸೆಂಬರ್ ಬರುತ್ತದೆ. ಆಗ ಹೊಸ ಬಟ್ಟೆ, ಗಿಡ, ನಕ್ಷತ್ರ, ಕೇಕು, ಉಡುಗೊರೆ, ಮಾಂಸ, ಪಾರ್ಟಿ ಎಲ್ಲಕ್ಕೂ ದುಡ್ಡು ಎಲ್ಲಿಂದ? ಭಿಶಿಯ ಚೀಟಿ ಮುಂಚಿತವಾಗಿ ಎತ್ತಬೇಕು, ಬಚತ್ ಗಟದಲ್ಲಿ ಕೇಳಬೇಕು, ಬಳೆ ಗಿರವಿ ಇಡಬೇಕು, ಇಲ್ಲವೇ ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವವರ ಬಾಗಿಲು ತಟ್ಟಬೇಕು. ಆ ಐದು ನಿಮಿಷದ ಸಾಲ ತೀರಿಸಲು ಪಾಸ್ಕ ಹಬ್ಬದವರೆಗೂ ಹೆಣಗಬೇಕು. ನಮ್ಮ ಸಾಲಿನ ಎಷ್ಟೋ ಮನೆಗಳು ಒಂದು ಹಬ್ಬದ ಸಾಲದಿಂದ ಇನ್ನೊಂದು ಹಬ್ಬದ ಸಾಲಕ್ಕೆ ಹೀಗೆಯೇ ದಾಟುತ್ತಿವೆ. ಇದು ನಿಮಗೆ ಗೊತ್ತು. ಗೊತ್ತಿದ್ದೂ ಅವರ ಬಾಗಿಲಿಗೆ ತೂಗುಹಾಕಿದ ಹೊಸ ನಕ್ಷತ್ರ ನೋಡಿ "ಈ ಸಲ ಭಾರಿ ಉಂಟು ನಿಮ್ದು" ಎಂದು ಹೊಗಳಿ ಮುಂದೆ ಹೋಗುತ್ತೇವೆ.

ಆ ಮನೆಯ ಹೆಂಗಸನ್ನು ನೋಡಿ. ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ತಯಾರಿ ಊರಿನಲ್ಲಿ ಹೇಗಿತ್ತು? ಅತ್ತಿಗೆ ನಾದಿನಿಯರು, ನೆರೆಯ ಬಾಯಮ್ಮಂದಿರು, ಶಾಲೆಗೆ ರಜೆ ಸಿಕ್ಕ ಮಕ್ಕಳು ಒಟ್ಟಿಗೆ ಕೂತು, ಒಬ್ಬರು ಹಿಟ್ಟು ನಾದಿ, ಒಬ್ಬರು ಫೋರ್ಕಿನ ಬೆನ್ನಿನ ಮೇಲೆ ಕಿಡಿಯೊ ಹೊರಳಿಸಿ, ಒಬ್ಬರು ನೆವ್ರಿಯ ಅಂಚು ಒತ್ತಿ, ಅಜ್ಜಿ ಕೊಕ್ಕಿಸಾಂ ಅಚ್ಚನ್ನು ಎಣ್ಣೆಯಲ್ಲಿ ಅದ್ದಿ ತೆಗೆಯುವಾಗ ಸುತ್ತ ನಗು, ಹರಟೆ, ನಡುನಡುವೆ ಒಂದು ಹಾಡು. ಬೀದರ್ ಕಡೆಯ ಅವ್ವಂದಿರ ಕರಚಿಕಾಯಿಯೂ ಹೀಗೆಯೇ ಹತ್ತು ಕೈಗಳಲ್ಲಿ ಆಗುತ್ತಿತ್ತು. ಇಲ್ಲಿ ಅದೇ ಹೆಂಗಸು ಬೆಳಿಗ್ಗೆ ಲೋಕಲ್ ಹಿಡಿದು ದುಡಿದು, ಸಂಜೆ ಹೆಂಗಸರ ಡಬ್ಬಿಯಲ್ಲಿ ನಿಂತೇ ಬಂದು, ರಾತ್ರಿ ಮಕ್ಕಳು ಮಲಗಿದ ಮೇಲೆ ಒಬ್ಬಳೇ ಒಲೆಯ ಮುಂದೆ ಕೂರುತ್ತಾಳೆ. ಯಾರದೋ ಮನೆಯಲ್ಲಿ ಒಂಬತ್ತು ಬಗೆ ಮಾಡಿದ್ದಾರಂತೆ, ನಮ್ಮಲ್ಲಿ ಮೂರೇ ಆದರೆ ಮರ್ಯಾದೆ ಏನಾದೀತು ಎಂಬ ಅಂಜಿಕೆ ಅವಳ ನಿದ್ದೆಯನ್ನು ತಿನ್ನುತ್ತದೆ. ನಡುರಾತ್ರಿಯ ಬಲಿಪೂಜೆಯಲ್ಲಿ ಅವಳು ತೂಕಡಿಸುತ್ತಾಳೆ. ವರ್ಷವಿಡೀ ಕಾದ ಆ ಒಂದು ಗಳಿಗೆ ಅವಳ ಕಣ್ಣೆವೆಗಳ ಆಚೆ ಕಳೆದುಹೋಗುತ್ತದೆ. ಹಬ್ಬದೂಟಕ್ಕೆ ಎಲ್ಲರೂ ಕೂತಾಗ ಅವಳೊಬ್ಬಳು ಬಡಿಸುತ್ತ ನಿಂತಿರುತ್ತಾಳೆ. ಅವಳು ಏನನ್ನೂ ಹೇಳುವುದಿಲ್ಲ. ಹೇಳುವ ಅಭ್ಯಾಸವನ್ನೇ ನಾವು ಅವಳಿಗೆ ಮಾಡಿಸಲಿಲ್ಲ. ಇದು ನಿಮಗೆ ಗೊತ್ತು. ಅವಳಿಗಾಗಿ ಹಬ್ಬವನ್ನು ಹಗುರ ಮಾಡಿ.

ಆ ಮನೆಯ ಮಗುವನ್ನು ನೋಡಿ. ಶಾಲೆಯಲ್ಲಿ, ಟ್ಯೂಶನ್ನಿನಲ್ಲಿ, ಕಟ್ಟಡದ ಮಕ್ಕಳ ಗುಂಪಿನಲ್ಲಿ ಸಾಂತಾ ತನಗೆ ಏನು ತಂದ ಎಂದು ಒಬ್ಬೊಬ್ಬರೂ ಹೇಳಬೇಕು. ಒಂದು ಮಗು ಸೈಕಲ್ ಎನ್ನುತ್ತದೆ, ಇನ್ನೊಂದು ಟ್ಯಾಬ್ ಎನ್ನುತ್ತದೆ, ಮೂರನೆಯದು ಪೆನ್ಸಿಲ್ ಪೆಟ್ಟಿಗೆಯನ್ನು ಬೆನ್ನ ಹಿಂದೆ ಅಡಗಿಸುತ್ತದೆ. ಒಳ್ಳೆಯ ಮಕ್ಕಳಿಗೆ ಸಾಂತಾ ದೊಡ್ಡ ಉಡುಗೊರೆ ತರುತ್ತಾನೆ ಎಂದು ನಾವೇ ಹೇಳಿಕೊಟ್ಟೆವಲ್ಲ, ಹಾಗಾದರೆ ತಾನು ಒಳ್ಳೆಯ ಮಗುವಲ್ಲ ಎಂದು ಆ ಪುಟ್ಟ ಜೀವ ಲೆಕ್ಕ ಹಾಕಿದರೆ ತಪ್ಪು ಯಾರದು? ಮಿರಾ ಪಟ್ಟಣದ ಬಿಷಪ್ ಸಂತ ನಿಕೊಲಾಸರ ಕಥೆ ನಿಮಗೆ ನೆನಪಿದೆ: ಹೆಣ್ಣುಮಕ್ಕಳ ಮದುವೆ ಮಾಡಲಾಗದೆ ಕಂಗೆಟ್ಟ ಒಬ್ಬ ಬಡ ತಂದೆಯ ಮನೆಗೆ ಅವರು ರಾತ್ರಿ ಹೊತ್ತಿನಲ್ಲಿ, ಯಾರಿಗೂ ಕಾಣದಂತೆ, ಹೊನ್ನಿನ ಗಂಟು ಹಾಕಿ ಹೋದರಂತೆ. ಆ ಸಂತನನ್ನೇ 19ನೇ ಶತಮಾನದ ಅಮೆರಿಕದ ಪದ್ಯ, ಚಿತ್ರಗಳು ಸಾಂತಾ ಮಾಡಿ ಹಿಮಗಾಡಿ ಹತ್ತಿಸಿದವು. 1931ರಿಂದ ಕೋಕಾ ಕೋಲಾ ಜಾಹೀರಾತುಗಳು ಅವನ ಕೆಂಪು ಅಂಗಿಯ ನಗುಮುಖವನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದವು. ಬಡ ತಂದೆಯೊಬ್ಬನನ್ನು ಸಂಕಟದಿಂದ ಎತ್ತಿದವನ ಹೆಸರಿನಲ್ಲೇ ಇವತ್ತು ವಿಠ್ಠಲವಾಡಿಯ ಬಡ ತಂದೆ ಸಾಲಕ್ಕೆ ಬೀಳುತ್ತಿದ್ದಾನೆ. ಆ ಮಗುವಿಗಾಗಿ, ಆ ತಂದೆಗಾಗಿ ಹಬ್ಬವನ್ನು ಹಗುರ ಮಾಡಿ.

ಊರಿನಲ್ಲಿ ಉಳಿದ ಮುದುಕರನ್ನು ನೋಡಿ. ಕಾರ್ಕಳದ ಹತ್ತಿರದ ಒಂದು ಹೆಂಚಿನ ಮನೆಯಲ್ಲೋ, ಯಾದಗಿರಿಯ ಒಂದು ಓಣಿಯಲ್ಲೋ ಮಗ ಬರುತ್ತಾನೆಂದು ಕಾಯುವವರು. ಮತ್ಸ್ಯಗಂಧದಲ್ಲಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹಬ್ಬದ ವಾರಕ್ಕೆ ಟಿಕೇಟು ಸಿಗುವುದು ಕಷ್ಟ, ಖಾಸಗಿ ಬಸ್ಸಿನ ದರ ಆಗ ಗಗನಕ್ಕೇರುತ್ತದೆ, ಒಪ್ಪಿದೆ. ಆದರೆ ಬಾಲ್ಕನಿಯ ದೀಪಗಳಿಗೆ, ಮೂವತ್ತೊಂದರ ಪಾರ್ಟಿಗೆ, ಯಾರೂ ಎರಡನೆಯ ಸಲ ತೊಡದ ಬಟ್ಟೆಗೆ ಸುರಿದ ದುಡ್ಡಿನಲ್ಲಿ ಒಂದು ಟಿಕೇಟು ಅಡಗಿತ್ತಲ್ಲವೇ? "ಈ ವರ್ಷ ಕಷ್ಟ ಅಮ್ಮಾ, ಖರ್ಚು ಬಹಳ" ಎಂದು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ "ಪರವಾಗಿಲ್ಲ ಮಗಾ, ನೀವು ಅಲ್ಲೇ ಚೆಂದ ಮಾಡಿ" ಎಂಬ ಮಾತು ಬರುತ್ತದೆ. ಆ "ಪರವಾಗಿಲ್ಲ"ದ ಹಿಂದೆ ಏನಿದೆಯೆಂದು ನಿಮಗೆ ಗೊತ್ತು.

ನಮ್ಮ ಬೆನ್ನಿಗೇ ಇರುವ ಉಲ್ಹಾಸನಗರವನ್ನೂ ನೋಡಿ. ದೇಶ ಒಡೆದಾಗ ಮನೆಮಠ ಬಿಟ್ಟು ಬಂದ ಸಿಂಧಿಗಳಿಗಾಗಿ, ಯುದ್ಧಕಾಲದ ಸೇನಾ ಬಿಡಾರಗಳ ಜಾಗದಲ್ಲಿ 1949ರಲ್ಲಿ ರೂಪುಗೊಂಡ ಊರು ಅದು. ಇಂದಿಗೂ ಅದರ ಭಾಗಗಳನ್ನು ನಾವು ಕ್ಯಾಂಪ್ ಒಂದು, ಕ್ಯಾಂಪ್ ನಾಲ್ಕು ಎಂದೇ ಕರೆಯುತ್ತೇವೆ. ಜಾಗವಿಲ್ಲದವರಿಗೆ ಜಾಗ ಕೊಡಲೆಂದು ಹುಟ್ಟಿದ ಆ ಊರಿನ ಗಲ್ಲಿಗಳಲ್ಲಿ ಈಗ ಹಬ್ಬಹಬ್ಬಕ್ಕೂ ಜೀನ್ಸ್ ಹೊಲಿಯುವ ಕೈಗಳು ತುಂಡಿಗಿಷ್ಟೆಂದು ಲೆಕ್ಕ ಹಾಕಿಕೊಂಡು ಹೊತ್ತುಮೀರಿ ದುಡಿಯುತ್ತವೆ. ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸಿಗೆ ಇಪ್ಪತ್ತೈದರಂದು ಎರಡು ಪಟ್ಟು ಪಾತ್ರೆ. ಇಪ್ಪತ್ತನಾಲ್ಕರ ರಾತ್ರಿ ನಾವು "ಬೇಗ ಬಾ" ಎಂದು ಗದರಿಸುವ ಡೆಲಿವರಿ ಹುಡುಗ ಕೂಡ ಕ್ರೈಸ್ತನಿರಬಹುದು. ಪೂಜೆಗೆ ಗಂಟೆ ಹೊಡೆಯುವಾಗ ಅವನು ನಮ್ಮ ಕೇಕು ಹಿಡಿದು ಇಗರ್ಜಿಯ ಮುಂದಿನಿಂದಲೇ ಹಾದುಹೋಗುತ್ತಿರಬಹುದು.

ಇನ್ನು, ಇಗರ್ಜಿಗೆ ಬಾರದೇ ಉಳಿಯುವವರು. ಗಂಡನನ್ನು ಕಳೆದುಕೊಂಡವಳು, ಕೆಲಸ ಕಳೆದುಕೊಂಡವನು, ಮಗನ ಕುಡಿತಕ್ಕೆ ನಾಚಿ ತಲೆ ತಗ್ಗಿಸಿದ ಮನೆ. ವರ್ಷದ ಐವತ್ತು ಆದಿತ್ಯವಾರವೂ ಹಿಂದಿನ ಬೆಂಚಿನಲ್ಲಿ ಕಾಣುವ ಆ ಹೆಂಗಸು ಕ್ರಿಸ್ಮಸ್ಸಿನ ಪೂಜೆಗೆ ಮಾತ್ರ ಕಾಣುವುದಿಲ್ಲ. "ಮೈಗೆ ಹುಷಾರಿರಲಿಲ್ಲ" ಎನ್ನುತ್ತಾಳೆ. ಹುಷಾರಿಲ್ಲದ್ದು ಅವಳ ಮೈಗಲ್ಲ ಎಂದು ನಿಮಗೆ ಗೊತ್ತು. ಎಲ್ಲರೂ ಹೊಸದು ಉಟ್ಟು ಬರುವ ಅಂಗಳದಲ್ಲಿ ಹಳೆಯ ಸೀರೆ ಉಟ್ಟು ನಿಲ್ಲುವ ಧೈರ್ಯ ಅವಳಿಗೆ ಸಾಲಲಿಲ್ಲ. ಯಾರ ಹುಟ್ಟಿನ ಕಥೆಯಲ್ಲಿ ಛತ್ರದಲ್ಲಿ ಜಾಗವಿಲ್ಲವೆಂದು ಬಾಗಿಲು ಮುಚ್ಚಿದ್ದನ್ನು ಕೇಳಿ ಪ್ರತಿ ವರ್ಷವೂ ಮನಸ್ಸು ಮರುಗುತ್ತದೋ, ಅವನ ಹಬ್ಬದ ದಿನವೇ ನಾವು ಒಂದು ಮಾತೂ ಆಡದೆ, ಯಾರನ್ನೂ ತಳ್ಳದೆ, ಬರಿಯ ನಮ್ಮ ಉಡುಗೆ ತೊಡುಗೆಯಿಂದಲೇ ಅವಳ ಮುಖಕ್ಕೆ ಬಾಗಿಲು ಮುಚ್ಚಿದೆವು. ಇದಕ್ಕಿಂತ ದೊಡ್ಡ ದುಃಖ ಈ ಹಬ್ಬದಲ್ಲಿ ಇನ್ನೇನಿದೆ?

ಆ ಕಥೆಯನ್ನೇ ಮತ್ತೆ ಓದಿ. ದೊರೆಯ ಜನಗಣತಿಯ ಆಜ್ಞೆಗೆ ತಲೆಬಾಗಿ ತುಂಬು ಗರ್ಭಿಣಿಯನ್ನು ಕರೆದುಕೊಂಡು ದೂರದ ಊರಿಗೆ ಹೊರಟವನು ಬಡಗಿ ಜೋಸೆಫ. ಸುದ್ದಿ ಮೊದಲು ಮುಟ್ಟಿದ್ದು ರಾತ್ರಿಪಾಳಿಯಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ. ಅವರು ಇದ್ದ ಬಟ್ಟೆಯಲ್ಲೇ, ಕುರಿಯ ವಾಸನೆಯ ಮೈಯಲ್ಲೇ ಎದ್ದು ಓಡಿದರು, ಯಾರೂ ಅವರನ್ನು ಹೊರಗೆ ನಿಲ್ಲಿಸಲಿಲ್ಲ. ನಲವತ್ತು ದಿನವಾದ ಮೇಲೆ ಕೂಸನ್ನು ದೇವಾಲಯಕ್ಕೆ ಒಯ್ದಾಗ ಆ ತಂದೆತಾಯಿ ಕಾಣಿಕೆಯಾಗಿ ಒಪ್ಪಿಸಿದ್ದು ಜೋಡಿ ಹಕ್ಕಿಗಳನ್ನು. ಕುರಿಮರಿ ಕೊಳ್ಳುವ ಶಕ್ತಿಯಿಲ್ಲದ ಬಡವರಿಗೆಂದೇ ಮೋಶೆಯ ಧರ್ಮಶಾಸ್ತ್ರ ಇಟ್ಟ ರಿಯಾಯಿತಿ ಅದು. ಮರಿಯಳೂ ಜೋಸೆಫನೂ ಕುರಿಮರಿಗಾಗಿ ಸಾಲ ಮಾಡಲಿಲ್ಲ. ಬಡವರ ಕಾಣಿಕೆಯನ್ನೇ ಎಲ್ಲರೆದುರು ಹಿಡಿದು ನಡೆದರು, ಅದರಿಂದ ಆ ಕೂಸಿನ ಮಹಿಮೆ ಕೂದಲೆಳೆಯಷ್ಟೂ ಕುಗ್ಗಲಿಲ್ಲ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಗೋದಲಿ ಏರ್ಪಡಿಸಿದಾಗ ಬೇಕಾದದ್ದು ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬೆತ್ಲೆಹೇಮಿನ ಬಡತನವನ್ನು ಜನ ಕಣ್ಣಾರೆ ಕಾಣಲಿ ಎಂಬುದೇ ಅವರ ಆಸೆಯಾಗಿತ್ತು. ಎಂಟು ನೂರು ವರ್ಷಗಳ ಮೇಲೆ ನಾವು ಅದೇ ಗೋದಲಿಗೆ ಥರ್ಮೋಕೋಲಿನ ಬೆಟ್ಟ, ಮೋಟಾರಿನ ಜಲಪಾತ, ಓಡುವ ದೀಪಗಳನ್ನು ಹಚ್ಚಿ, ತೀರ್ಪುಗಾರರನ್ನು ಕರೆಸಿ, ಮೊದಲನೆಯ ಬಹುಮಾನ ಎರಡನೆಯ ಬಹುಮಾನ ಹಂಚುತ್ತಿದ್ದೇವೆ. ಬಡತನ ತೋರಿಸಲೆಂದು ಹುಟ್ಟಿದ್ದು ಸಿರಿತನದ ಸ್ಪರ್ಧೆಯಾಯಿತು.

"ಹಾಗಾದರೆ ಸಂತೋಷ ಪಡುವುದೇ ತಪ್ಪೇ?" ಎಂದು ನೀವು ಕೇಳುತ್ತೀರಿ. ತಪ್ಪಲ್ಲ, ಮಾರಾಯರೇ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮನೆಯವರ ಮಾನ ಉಳಿಸಿದವನ ಹಬ್ಬದಲ್ಲಿ ನಗು ಬೇಡವೆನ್ನಲು ನಾನು ಯಾರು? ಆದರೆ ಅಲ್ಲಿ ಅವನು ಮಾಡಿದ್ದೇ ಒಂದು ಮನೆ ಊರೆದುರು ನಾಚದಂತೆ ನೋಡಿಕೊಂಡದ್ದು. "ದೀಪಾವಳಿಗೆ ನೆರೆಯವರು ಫರಾಳದ ತಟ್ಟೆ ಕೊಟ್ಟಿದ್ದಾರೆ, ಆ ತಟ್ಟೆಯನ್ನು ಖಾಲಿ ಹೇಗೆ ಹಿಂದಿರುಗಿಸುವುದು?" ಎನ್ನುತ್ತೀರಿ. ಖಾಲಿ ಕೊಡಬೇಡಿ. ನಾಲ್ಕು ಕೊಕ್ಕಿಸಾಂ, ಎರಡು ನೆವ್ರಿ ಇಟ್ಟು ಕೊಡಿ. ಮರಾಠಿ ಮನೆಯ ಕಾಕು, ಸಿಂಧಿ ಮನೆಯ ದಾದಿ ನಿಮ್ಮ ತಟ್ಟೆಯ ಬಗೆಗಳನ್ನು ಎಣಿಸಿದ್ದು ನೀವು ಎಂದಾದರೂ ಕಂಡಿದ್ದೀರಾ? ಎಣಿಸುವವರು ನಾವೇ, ನಮ್ಮವರೇ.

ಹಗುರವಾದ ಹಬ್ಬ ಹೇಗಿರುತ್ತದೆಂದು ಕಲಿಯಲು ನಾವು ಎಲ್ಲಿಗೂ ಹೋಗಬೇಕಿಲ್ಲ. ಸೆಪ್ಟೆಂಬರ್ 8ರ ನಮ್ಮ ತೆನೆ ಹಬ್ಬವಿದೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯ ನೆನಪಿನಲ್ಲಿ ಮೊಂತಿ ಹಬ್ಬವೆಂದು ಕರೆಯುತ್ತೇವಲ್ಲ, ಅದೇ. ಒಂಬತ್ತು ದಿನ ಮಕ್ಕಳು ಗಿಡದಿಂದ ಕೊಯ್ದ ಹೂವನ್ನು ಬುಟ್ಟಿಯಲ್ಲಿ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಗುರುಗಳು ಹರಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಅದರ ಕಾಳಿನ ಪುಡಿ ಹಾಲಿಗೋ ಪಾಯಸಕ್ಕೋ ಸೇರುತ್ತದೆ, ಹಿರಿಯರು ಪ್ರಾರ್ಥನೆ ಹೇಳುತ್ತಾರೆ, ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ತರಕಾರಿಯ ಊಟ ಉಣ್ಣುತ್ತಾರೆ. ದೂರದಲ್ಲಿರುವವರ ಪಾಲಿನ ಕಾಳನ್ನು ಲಕೋಟೆಯಲ್ಲಿಟ್ಟು ಗಲ್ಫಿಗೂ ಮುಂಬಯಿಗೂ ಕಳಿಸುತ್ತಾರೆ. ಆ ಹಬ್ಬದಲ್ಲಿ ಇಲ್ಲದವರಿಗೂ ಒಂದು ಪಾಲಿದೆ. ಅಂಗಡಿಯವನಿಗೆ ಅದರಲ್ಲಿ ಇನ್ನೂ ಕೈ ಹಾಕಲಾಗಿಲ್ಲ, ಏಕೆಂದರೆ ಅದರಲ್ಲಿ ಮಾರುವಂಥದ್ದು ಬಹಳವೇನೂ ಇಲ್ಲ. ಅದು ಮುಗಿದ ಮರುದಿನ "ಅಬ್ಬಾ" ಎಂದವರನ್ನು ನೀವು ಕಂಡಿರಲಾರಿರಿ.

ಕೊರೋನಾದ ವರ್ಷ 2020ನ್ನೂ ಮರೆಯಬೇಡಿ. ಏಪ್ರಿಲ್ 12ರ ಪಾಸ್ಕ ಹಬ್ಬಕ್ಕೆ ಇಗರ್ಜಿಗಳ ಬಾಗಿಲು ಮುಚ್ಚಿತ್ತು. ಆ ಡಿಸೆಂಬರ್ 22ರಿಂದ ಮಹಾರಾಷ್ಟ್ರದ ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ರಾತ್ರಿ 11ರಿಂದ ಬೆಳಗಿನ 6ರವರೆಗೆ ಕರ್ಫ್ಯೂ. ನಡುರಾತ್ರಿಯ ಪೂಜೆ ಸಂಜೆಗೇ ಸರಿಯಿತು. ಪಾರ್ಟಿ ಇರಲಿಲ್ಲ, ಸ್ಪರ್ಧೆ ಇರಲಿಲ್ಲ, ಹೊಸ ಬಟ್ಟೆ ತೊಟ್ಟರೂ ನೋಡುವವರಿರಲಿಲ್ಲ. ಮೊಬೈಲಿನ ಪುಟ್ಟ ಪರದೆಯ ಮುಂದೆ ಮನೆಯವರೆಲ್ಲ ಮೊಣಕಾಲೂರಿದೆವು. ಬದುಕಿದ್ದೇವೆ, ಒಟ್ಟಿಗಿದ್ದೇವೆ ಎಂಬುದಕ್ಕೇ ಕಣ್ಣು ತುಂಬಿ ಬಂದಿತ್ತು. ಕ್ರಿಸ್ತ ಆ ವರ್ಷ ಹುಟ್ಟದೆ ಉಳಿಯಲಿಲ್ಲ. ಅವನಿಗೆ ನಮ್ಮಿಂದ ಎಷ್ಟು ಕಡಿಮೆ ಸಾಕೆಂಬುದನ್ನು ಆ ವರ್ಷ ತೋರಿಸಿಕೊಟ್ಟಿತು. ಬೀಗ ತೆರೆದದ್ದೇ ತಡ ನಾವು ಮೊದಲಿಗಿಂತ ಜೋರಾಗಿ ಅಂಗಡಿಗೆ ಓಡಿದೆವು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಗಂಡಸರೇ, ಇಂದು ರಾತ್ರಿ ಮನೆಯಾಕೆಯ ಹತ್ತಿರ ಕೂತು "ಈ ಸಲ ಎರಡೇ ಬಗೆ ಸಾಕು, ಅದನ್ನೂ ನಾವೆಲ್ಲ ಸೇರಿ ಮಾಡೋಣ" ಎಂದು ಹೇಳಿ. ಅವಳು ನಂಬದಿದ್ದರೆ ಲಟ್ಟಣಿಗೆ ನೀವೇ ಕೈಗೆತ್ತಿಕೊಳ್ಳಿ. ತಾಯಂದಿರೇ, ಮೂರು ಮನೆಯವರು ಒಂದೇ ಒಲೆಯ ಮುಂದೆ ಕೂತು ಮಾಡಿ ಹಂಚಿಕೊಳ್ಳಿ. ದಣಿವು ಮೂರು ಪಾಲಾಗಲಿ, ಹರಟೆ ಮೂರು ಪಟ್ಟಾಗಲಿ. ಮನೆಗೆಲಸದವಳಿಗೆ ಇಪ್ಪತ್ತೈದರಂದು ಸಂಬಳ ಕಡಿಯದೆ ರಜೆ ಕೊಡಿ. ಮಕ್ಕಳಿಗೆ ಉಡುಗೊರೆಗಿಂತ ಮೊದಲು ಕಥೆ ಕೊಡಿ, ಆ ಎರಡು ಹಕ್ಕಿಗಳ ಕಥೆಯನ್ನೂ ಹೇಳಿ. ಆಗಮನ ಕಾಲದ ನಾಲ್ಕು ಆದಿತ್ಯವಾರಗಳಲ್ಲಿ ಮಾರ್ಕೆಟ್ಟಿಗೆ ಹೋಗುವ ಒಂದು ಸಂಜೆಯನ್ನಾದರೂ ಪಾಪನಿವೇದನೆಗೆ, ಬೈಬಲ್ ಓದಿಗೆ, ಮುನಿಸಿಕೊಂಡ ತಮ್ಮನಿಗೊಂದು ಫೋನಿಗೆ ಇಟ್ಟುಕೊಳ್ಳಿ. ಸಾಲ ಮಾಡಿ ಹಬ್ಬ ಮಾಡುವುದಿಲ್ಲವೆಂದು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಿ. ಹಾಗೆ ಹೇಳಲು ಕಾದಿರುವವರು ಇನ್ನೂ ಎಷ್ಟೋ ಜನ ಇದ್ದಾರೆ.

ಪೂಜ್ಯ ಗುರುಗಳೇ, ಪಾಲನಾ ಮಂಡಳಿಯ ಹಿರಿಯರೇ, ಸಭಾಪಾಲಕರೇ, ನಿಮ್ಮ ಒಂದು ಮಾತಿನಿಂದ ಎಷ್ಟು ಮನೆಗಳ ಎದೆಭಾರ ಇಳಿದೀತು! ಗೋದಲಿಗೆ ಬಹುಮಾನ ಬೇಡವೆನ್ನಿ. ಕ್ಯಾರೊಲ್ ಹಾಡುವ ಗುಂಪು ದೊಡ್ಡ ಲಕೋಟೆ ಕೊಡುವ ಮನೆಗಳಿಂದ ಹೊರಡದೆ, ಏನೂ ಕೊಡಲಾಗದ ಮನೆಯಿಂದಲೇ ಹೊರಡಲಿ, ಅಲ್ಲಿ ಎರಡು ಹಾಡು ಹೆಚ್ಚಾಗಿಯೇ ಹಾಡಲಿ. ದಾನ ಕೊಟ್ಟವರ ಹೆಸರು ಮೊತ್ತ ಸಮೇತ ಓದುವ ರೂಢಿಯಿದ್ದರೆ ಕೈಬಿಡಿ. "ಈ ಸಲ ಎಲ್ಲರೂ ಆದಿತ್ಯವಾರದ ಬಟ್ಟೆಯಲ್ಲೇ ಬನ್ನಿ" ಎಂದು ಪೀಠದಿಂದ ಹೇಳಿ, ಉಳಿದ ದುಡ್ಡಿಗೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಪೆಟ್ಟಿಗೆ ತೋರಿಸಿ. ಮೊದಲ ವರ್ಷ ಗೊಣಗುವವರು ಗೊಣಗಲಿ.

ಮತ್ತು ನೀವು, ಇಲ್ಲಿಯವರೆಗೆ ಓದಿದ ನೀವು, ಯಾರ ಆಜ್ಞೆಗೂ ಕಾಯಬೇಡಿ. ಆ ಹಿಂದಿನ ಬೆಂಚಿನ ಹೆಂಗಸಿನ ಮನೆ ನಿಮಗೆ ಗೊತ್ತು. ಯಾವ ಚಾಳು, ಎಷ್ಟನೆಯ ಬಾಗಿಲು ಎಂಬುದೂ ಗೊತ್ತು. ಅವಳಿಗೆ ಹೊಸ ಸೀರೆ ಕೊಂಡುಹೋಗಿ ಅವಳನ್ನು ಇನ್ನಷ್ಟು ಕುಗ್ಗಿಸಬೇಡಿ. ಬರಿಗೈಯಲ್ಲಿ ಹೋಗಿ, ಅವಳ ಮನೆಯ ಒಂದು ಲೋಟ ಚಹಾ ಕುಡಿದು, ಕರೆದು ಬನ್ನಿ: "ಅಕ್ಕಾ, ಈ ಸಲ ನಮ್ಮ ಮನೆಯಲ್ಲಿ ಯಾರಿಗೂ ಹೊಸ ಬಟ್ಟೆ ತೆಗೆಯುತ್ತಿಲ್ಲ. ಇದ್ದದ್ದನ್ನೇ ಉಟ್ಟು ಬರುತ್ತೇವೆ. ನೀವೂ ಹಾಗೆಯೇ ಬನ್ನಿ, ನಮ್ಮ ಬೆಂಚಿನಲ್ಲೇ ಕೂರಿ, ಪೂಜೆ ಮುಗಿದ ಮೇಲೆ ಊಟಕ್ಕೆ ನಮ್ಮಲ್ಲಿಗೇ ಬರಬೇಕು." ಹೀಗೆ ಕರೆದ ಮೇಲೆ ಆ ಮಾತನ್ನು ನಡೆಸಿ. ನಿಮ್ಮ ಕಪಾಟಿನಲ್ಲಿರುವ ಅತ್ಯಂತ ಸಾದಾ ಸೀರೆಯನ್ನು, ಒಗೆದ ಅಂಗಿಯನ್ನು ತೊಟ್ಟು, ತಲೆಯೆತ್ತಿ ಇಗರ್ಜಿಗೆ ಬನ್ನಿ. ಅವಳು ಬರುವಷ್ಟು ಹಗುರ ಮಾಡಿ ಹಬ್ಬವನ್ನು.